ಎರಡು ದರಫಲಕಗಳ ಅಂಗಡಿ: ಚಿಕ್ಕಮಗಳೂರಿನ ಒಂದು ಕಾಫಿ ವ್ಯಾಪಾರದ ವಿಮರ್ಶೆ

ಚಿಕ್ಕಮಗಳೂರಿನ ಮಾರ್ಕೆಟ್ ರಸ್ತೆಯ ಆಸುಪಾಸಿನಲ್ಲಿ ಕಾಫಿ ಪುಡಿ ಅಂಗಡಿಗಳಿಗೆ ಬರವಿಲ್ಲ. ಅವುಗಳಲ್ಲಿ ಒಂದನ್ನು ಇಲ್ಲಿ ವಿಮರ್ಶೆಗೆ ಆರಿಸಿಕೊಂಡಿರುವುದಕ್ಕೆ ಪುಡಿಯ ಗುಣವೊಂದೇ ಕಾರಣವಲ್ಲ. ಈ ಅಂಗಡಿಯವರು ಮುಂದಿನ ಕೌಂಟರಿನಲ್ಲಿ ಹುರಿದು ಬೀಸಿದ ಪುಡಿಯನ್ನು ಮಾರುತ್ತಾರೆ. ಪಕ್ಕದ ಓಣಿಯಲ್ಲಿರುವ ಗೋದಾಮಿನಲ್ಲಿ ಸಣ್ಣ ಬೆಳೆಗಾರರಿಂದ ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ ಬೀಜ) ಮತ್ತು ಚೆರ್ರಿಯನ್ನು (ಹಣ್ಣನ್ನು ಇಡಿಯಾಗಿ ಒಣಗಿಸಿದ್ದು) ಕೊಳ್ಳುತ್ತಾರೆ. ಹೀಗಾಗಿ ಒಂದೇ ಗೋಡೆಯ ಮೇಲೆ ಎರಡು ದರಫಲಕಗಳಿವೆ. ಒಂದರಲ್ಲಿ ಕುಡಿಯುವವನು ಕೊಡಬೇಕಾದ ಕಿಲೋ ದರ, ಇನ್ನೊಂದರಲ್ಲಿ ಬೆಳೆದವನಿಗೆ ಸಿಗುವ ಐವತ್ತು ಕಿಲೋ ಮೂಟೆಯ ದರ. ಎರಡನ್ನೂ ಗಿರಾಕಿಯ ಕಣ್ಣೆದುರಿಗೇ ಇಡುವ ಧೈರ್ಯ ಬಹಳ ಅಂಗಡಿಗಳಿಗೆ ಇಲ್ಲ. ಮಾಲೀಕರು ಕೇಳಿಕೊಂಡಿದ್ದರಿಂದ ಹೆಸರನ್ನು ಬಿಟ್ಟಿದ್ದೇನೆ. ಊರಿನವರಿಗೆ ಗುರುತು ಹತ್ತುವುದು ಕಷ್ಟವೇನಲ್ಲ.

ಮೊದಲು ಪುಡಿಯ ವಿಚಾರ. ಇಲ್ಲಿ ಶುದ್ಧ ಅರೇಬಿಕಾ, ಅರೇಬಿಕಾ ಹಾಗೂ ರೋಬಸ್ಟಾ ಸಮಪಾಲಿನ ಮಿಶ್ರಣ, ಶೇ 20ರಷ್ಟು ಚಿಕೋರಿ (ಕಾಫಿಗೆ ಬೆರೆಸುವ ಒಂದು ಬೇರಿನ ಪುಡಿ) ಸೇರಿದ ಮನೆ ಬಳಕೆಯ ಪುಡಿ, ಮತ್ತು ಹೋಟೆಲುಗಳಿಗಾಗಿ ಮಾಡಿದ ಅಗ್ಗದ ಪುಡಿ ಸಿಗುತ್ತವೆ. ಶುದ್ಧ ಅರೇಬಿಕಾಕ್ಕೆ ಪ್ಲಾಂಟೇಷನ್ ಎ ದರ್ಜೆಯ ಬೀಜದ ಜೊತೆಗೆ ಸ್ವಲ್ಪ ಪಿಬಿ, ಅಂದರೆ ಒಂಟಿ ಬೀಜವನ್ನು ಸೇರಿಸುತ್ತಾರೆ. ಬೆಳಗಿನ ಹೊತ್ತಿಗೆ ಹುರಿದು, ಆರಲು ಬಿಟ್ಟು, ಗಿರಾಕಿ ಕೇಳಿದ ನಂತರವೇ ಬೀಸುವ ಪದ್ಧತಿಯನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಫಿಲ್ಟರಿಗೆ ಎಷ್ಟು ತರಿಯಾಗಿರಬೇಕು ಎಂದು ಕೇಳಿಯೇ ಬೀಸುತ್ತಾರೆ. ಶುದ್ಧ ಅರೇಬಿಕಾದ ಡಿಕಾಕ್ಷನ್ ತೆಳುವಾಗಿ ಇಳಿಯುತ್ತದೆ, ಆದರೆ ಪರಿಮಳ ಹಾಲು ಬೆರೆಸಿದ ಮೇಲೂ ನಿಲ್ಲುತ್ತದೆ. ಹುಳಿಯ ಎಳೆಯೊಂದು ನಾಲಿಗೆಯ ಅಂಚಿಗೆ ಹತ್ತುತ್ತದೆ. ಚಿಕೋರಿಗೆ ಒಗ್ಗಿದ ನಾಲಿಗೆಗೆ ಇದು ಸಪ್ಪೆ ಎನಿಸಬಹುದು. ದಿನನಿತ್ಯಕ್ಕೆ ನನ್ನ ಆಯ್ಕೆ ಸಮಪಾಲಿನ ಮಿಶ್ರಣ: ರೋಬಸ್ಟಾದ ಕಸುವು ಮತ್ತು ನೊರೆ, ಅರೇಬಿಕಾದ ಸುವಾಸನೆ, ಎರಡೂ ತಮ್ಮ ತಮ್ಮ ಕೆಲಸ ಮಾಡುತ್ತವೆ.

ಹೋಟೆಲ್ ಪುಡಿಯ ಬಗ್ಗೆ ಅಷ್ಟು ಒಳ್ಳೆಯ ಮಾತಾಡಲಾರೆ. ಆಹಾರ ಸುರಕ್ಷತಾ ನಿಯಮದ ಪ್ರಕಾರ ಕಾಫಿ–ಚಿಕೋರಿ ಮಿಶ್ರಣದಲ್ಲಿ ಕನಿಷ್ಠ ಶೇ 51 ಕಾಫಿ ಇರಬೇಕು; ಈ ಪುಡಿ ಆ ಗೆರೆಯ ಮೇಲೆಯೇ ನಿಂತಿದೆ. ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಿದ್ದಾರೆ ನಿಜ, ಆದರೆ ಫಲಕದಲ್ಲಿ ಬರೆದಿಲ್ಲ. ಗುಜರಾತ್ ಮತ್ತು ಉತ್ತರ ಪ್ರದೇಶದ ಬಯಲಿನಲ್ಲಿ ಬೆಳೆದ ಬೇರು ಗಿರಿಯ ತಪ್ಪಲಿನ ಊರಿಗೆ ಬಂದು ಕಾಫಿಯ ಹೆಸರಿನಲ್ಲಿ ಮಾರಾಟವಾಗುವುದನ್ನು ಕಂಡು ನಗುವವರಿದ್ದಾರೆ. ಕಾಫಿಯ ದರ ಏರಿದ ವರ್ಷಗಳಲ್ಲಿ ಚಿಕೋರಿಯ ಪಾಲು ಹೆಚ್ಚುವುದು ಈ ವ್ಯಾಪಾರದಲ್ಲಿ ಹಳೆಯ ರೂಢಿ, ಮತ್ತು ಅದು ದರಕ್ಕೆ ಅಂಗಡಿ ಹೊಂದಿಕೊಳ್ಳುವ ಅತ್ಯಂತ ಸುಲಭದ ದಾರಿ.

ದರ ದುಬಾರಿ ಎಂದು ಗೊಣಗುವ ಗಿರಾಕಿಗೆ ಇಲ್ಲಿ ಲೆಕ್ಕ ಬಿಡಿಸಿ ಹೇಳುತ್ತಾರೆ. ಅದು ನನಗೆ ಮೆಚ್ಚುಗೆಯಾದ ಸಂಗತಿ. ರೋಬಸ್ಟಾ ಚೆರ್ರಿಯ ಮೂಟೆಗೆ ಹತ್ತು ಸಾವಿರ ರೂಪಾಯಿ ಇದೆ ಎಂದಿಟ್ಟುಕೊಳ್ಳೋಣ. ಐವತ್ತು ಕಿಲೋ ಒಣ ಚೆರ್ರಿಯ ಸಿಪ್ಪೆ ತೆಗೆದರೆ ಉಳಿಯುವ ಬೀಜದ ತೂಕ, ಅಂದರೆ ಔಟ್‌ಟರ್ನ್ ಸುಮಾರು 26 ಕಿಲೋ; ಹಾಗಾದರೆ ಬೀಜದ ಅಸಲು ಕಿಲೋಗೆ 385 ರೂಪಾಯಿ ಆಯಿತು. ಹುರಿಯುವಾಗ ತೂಕದಲ್ಲಿ ಶೇ 15ರಿಂದ 20ರಷ್ಟು ಹೋಗುತ್ತದೆ. ಅದನ್ನೂ ಸೇರಿಸಿದರೆ ಸೌದೆ, ಕೂಲಿ, ಬಾಡಿಗೆ, ತೆರಿಗೆ ಯಾವುದೂ ಬರುವ ಮೊದಲೇ ಪುಡಿಯ ಅಸಲು ಕಿಲೋಗೆ 470 ರೂಪಾಯಿಯ ಹತ್ತಿರ ಬಂದು ನಿಲ್ಲುತ್ತದೆ. ಎರಡು ಫಲಕಗಳ ನಡುವಿನ ಅಂತರದಲ್ಲಿ ಅಂಗಡಿಯ ಲಾಭ ಎಷ್ಟು ಎಂಬುದನ್ನು ಯಾರು ಬೇಕಾದರೂ ಎಣಿಸಬಹುದು. ಅದು ದರೋಡೆಯೂ ಅಲ್ಲ, ಧರ್ಮವೂ ಅಲ್ಲ.

ಈ ಲೆಕ್ಕದ ಮೊದಲ ಅಂಕಿಯನ್ನು ಮಾತ್ರ ಅಂಗಡಿಯವರು ಬರೆಯುವುದಿಲ್ಲ. ರೋಬಸ್ಟಾದ ದರ ಲಂಡನ್ನಿನ ವಾಯಿದಾ ಮಾರುಕಟ್ಟೆಯಲ್ಲಿ (ಮುಂದೆ ಕೊಡುವ ಮಾಲಿಗೆ ಈಗಲೇ ದರ ಕಟ್ಟುವಲ್ಲಿ) ಟನ್ನಿಗೆ ಇಷ್ಟು ಡಾಲರ್ ಎಂದು, ಅರೇಬಿಕಾದ ದರ ನ್ಯೂಯಾರ್ಕಿನಲ್ಲಿ ಪೌಂಡಿಗೆ ಇಷ್ಟು ಸೆಂಟ್ ಎಂದು ನಿಗದಿಯಾಗುತ್ತದೆ. ಆ ಮಾರುಕಟ್ಟೆಗಳು ನಮ್ಮ ಮಧ್ಯಾಹ್ನ ತೆರೆದು ರಾತ್ರಿ ಮುಚ್ಚುತ್ತವೆ. ಮರುದಿನ ಬೆಳಿಗ್ಗೆ ಫಲಕದ ಸೀಮೆಸುಣ್ಣದ ಅಂಕಿ ಬದಲಾಗಿರುತ್ತದೆ. ಆಲ್ದೂರಿನ ಕಡೆಯಿಂದ ಬಂದ ಹಿರಿಯರೊಬ್ಬರು ಜೀಪಿನಿಂದ ಇಳಿಯುವ ಮೊದಲೇ "ಲಂಡನ್ ಎಂಗೈತೆ ಇವತ್ತು?" ಎಂದು ಕೇಳುವುದು, ಕೌಂಟರಿನಲ್ಲಿದ್ದವರು "ಸ್ವಲ್ಪ ಇಳಿದೈತೆ ಗೌಡ್ರೆ, ಎರಡು ದಿನ ನೋಡಿ" ಎನ್ನುವುದು ಇಲ್ಲಿ ಯಾರಿಗೂ ವಿಚಿತ್ರವೆನಿಸುವುದಿಲ್ಲ. ಆ ಹಿರಿಯರ ತಂದೆಯ ಕಾಲದಲ್ಲಿ ಇಂಥ ಪ್ರಶ್ನೆಗೆ ಜಾಗವೇ ಇರಲಿಲ್ಲ. ಈ ಅಂಗಡಿ ಗೋದಾಮು ತೆರೆದದ್ದೂ ಆ ಪ್ರಶ್ನೆ ಹುಟ್ಟಿದ ಮೇಲೆ. ಅದಕ್ಕಾಗಿಯೇ ಅದರ ಸೇವೆಯನ್ನು ತೂಗಲು ಸ್ವಲ್ಪ ಹಿಂದಿನದನ್ನು ಹೇಳಬೇಕಾಗುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆ ಮುಚ್ಚಿಹೋದಾಗ, 1942ರ ಕಾಯ್ದೆಯ ಮೂಲಕ ಕಾಫಿ ಮಂಡಳಿಗೆ ಬೆಳೆಯ ಮಾರಾಟದ ಅಧಿಕಾರ ಬಂತು. ಬೆಳೆಗಾರ ತನ್ನ ಕಾಫಿಯನ್ನು ಪೂಲಿಗೆ, ಅಂದರೆ ಎಲ್ಲರ ಬೆಳೆ ಸೇರುವ ಒಂದೇ ದಾಸ್ತಾನಿಗೆ ಒಪ್ಪಿಸಬೇಕು, ಮಂಡಳಿ ಹರಾಜು ಹಾಕಬೇಕು, ಹಣ ಕಂತುಗಳಲ್ಲಿ ಬರಬೇಕು. ಕೊನೆಯ ಕಂತು ಬರುವಷ್ಟರಲ್ಲಿ ಮುಂದಿನ ಬೆಳೆಯೂ ಕಣಕ್ಕೆ ಬಂದಿರುತ್ತಿತ್ತು. ತಾನು ಬೆಳೆದದ್ದನ್ನು ತಾನೇ ಮಾರಲಾಗದ ಈ ಪದ್ಧತಿಯನ್ನು ಬೈಯದ ಬೆಳೆಗಾರ ಆಗ ಇರಲಿಲ್ಲ. ದರ ಪಾತಾಳಕ್ಕಿಳಿದಾಗ ಅದನ್ನು ನೆನೆಯದ ಬೆಳೆಗಾರ ಆಮೇಲೆ ಇರಲಿಲ್ಲ. ಹೊರಗೆ ಜಗತ್ತಿನ ಮಟ್ಟದಲ್ಲೂ ಅಂಥದ್ದೇ ಒಂದು ಏರ್ಪಾಡಿತ್ತು. 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಪ್ರತಿ ದೇಶಕ್ಕೂ ರಫ್ತಿನ ಕೋಟಾ ಗೊತ್ತುಮಾಡಿ ದರ ಕುಸಿಯದಂತೆ ಹಿಡಿದಿತ್ತು. ಅಮೆರಿಕ ಈ ಒಪ್ಪಂದಕ್ಕೆ ಒಪ್ಪಿದ್ದರಲ್ಲಿ ಶೀತಲ ಸಮರದ ರಾಜಕಾರಣವೂ ಇತ್ತು: ಲ್ಯಾಟಿನ್ ಅಮೆರಿಕದ ರೈತ ಬಡತನದಿಂದ ಎಡಪಂಥಕ್ಕೆ ವಾಲಬಾರದು.

1980ರ ದಶಕದ ಕೊನೆಗೆ ಆ ಭಯವೂ ಕರಗಿತು, ಮಾರುಕಟ್ಟೆಯನ್ನು ಅದರ ಪಾಡಿಗೆ ಬಿಡಬೇಕೆಂಬ ವಾದವೂ ಬಲವಾಯಿತು. 1979ರಲ್ಲಿ ಬ್ರಿಟನ್ನಿನಲ್ಲಿ ಥ್ಯಾಚರ್, 1981ರಲ್ಲಿ ಅಮೆರಿಕದಲ್ಲಿ ರೇಗನ್ ಅಧಿಕಾರಕ್ಕೆ ಬಂದ ನಂತರ ವಿಶ್ವಬ್ಯಾಂಕ್ ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಲಹೆಗಳೆಲ್ಲ ಒಂದೇ ದಿಕ್ಕಿಗೆ ತಿರುಗಿದ್ದವು: ಸಬ್ಸಿಡಿ ಇಳಿಸಿ, ಸರ್ಕಾರಿ ಮಂಡಳಿಗಳನ್ನು ಮುಚ್ಚಿ, ಆಮದಿನ ಬಾಗಿಲು ತೆರೆಯಿರಿ. ಇದನ್ನೇ ನಾವು ನವ ಉದಾರವಾದ ಎನ್ನುತ್ತೇವೆ. 1989ರ ಜುಲೈಯಲ್ಲಿ ಕಾಫಿಯ ಕೋಟಾ ಪದ್ಧತಿ ಮುರಿದುಬಿತ್ತು, ಕೆಲವೇ ತಿಂಗಳುಗಳಲ್ಲಿ ಜಾಗತಿಕ ದರ ಅರ್ಧದ ಹತ್ತಿರಕ್ಕೆ ಇಳಿಯಿತು. ಭಾರತಕ್ಕೆ ಇನ್ನೂ ಒಂದು ಪೆಟ್ಟು ಕಾದಿತ್ತು. ರೂಪಾಯಿ ಲೆಕ್ಕದಲ್ಲಿ ನಮ್ಮ ಕಾಫಿ ಕೊಳ್ಳುತ್ತಿದ್ದ ಸೋವಿಯತ್ ಒಕ್ಕೂಟ 1991ರಲ್ಲಿ ಒಡೆದುಹೋಯಿತು. ಅದೇ ವರ್ಷ ವಿದೇಶಿ ವಿನಿಮಯ ಬರಿದಾಗಿ, ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಅಡವಿಟ್ಟಿತು, ಜುಲೈಯಲ್ಲಿ ರೂಪಾಯಿ ಅಪಮೌಲ್ಯವಾಯಿತು, ಮನಮೋಹನ ಸಿಂಗ್ ಅವರ ಬಜೆಟ್ ಬಂತು.

ಪೂಲ್ ಪದ್ಧತಿ ಒಂದೇ ಏಟಿಗೆ ಹೋಗಲಿಲ್ಲ ಎಂಬುದು ಮುಖ್ಯ. 1992ರಲ್ಲಿ ಬೆಳೆಯ ಒಂದು ಪಾಲನ್ನು ದೇಶದೊಳಗೆ ಮಾರಲು ಬೆಳೆಗಾರನಿಗೆ ಅನುಮತಿ ಸಿಕ್ಕಿತು, ಮರುವರ್ಷ ಮುಕ್ತ ಮಾರಾಟದ ಕೋಟಾ ಬಂತು, 1996ರ ಹೊತ್ತಿಗೆ ಪೂರ್ತಿ ಬಿಡುಗಡೆಯಾಯಿತು. ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಎರಡು ಬಾರಿ ಹಿಮ ಬಿದ್ದು ಜಗತ್ತಿನ ದರ ಗಗನಕ್ಕೇರಿತು. ಮುಕ್ತ ಮಾರುಕಟ್ಟೆಯ ಮೊದಲ ರುಚಿಯೇ ಸಿಹಿಯಾಗಿದ್ದರಿಂದ ಮಲೆನಾಡಿನಲ್ಲಿ ಅದರ ವಿರುದ್ಧ ವಾದಿಸುವವರು ಉಳಿಯಲಿಲ್ಲ. ಹೊಸ ಕಾರು, ಹೊಸ ಮನೆ, ಗದ್ದೆ ತೆಗೆದು ಕಾಫಿ ಹಾಕುವ ಆತುರ, ಎಲ್ಲವೂ ಆ ಕಾಲದವು. ಹಿಂದೆ ಕೇವಲ ಪುಡಿ ಮಾರುತ್ತಿದ್ದ ಈ ಅಂಗಡಿಯವರು ಮೂಟೆ ಕೊಳ್ಳಲು ಇಳಿದದ್ದು ಆಗಲೇ. ಕಾಫಿ ಡೇ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತನ್ನ ಮೊದಲ ಮಳಿಗೆ ತೆರೆದದ್ದೂ 1996ರಲ್ಲಿ. ಚಿಕ್ಕಮಗಳೂರಿನ ತೋಟದ ಮನೆತನವೊಂದರಿಂದ ಬಂದ ಅದರ ಸ್ಥಾಪಕ ಸಿದ್ಧಾರ್ಥ ಅವರು ಆ ಬಿಡುಗಡೆಯ ಅರ್ಥವನ್ನು ಬೇರೆಯವರಿಗಿಂತ ಬೇಗ ಗ್ರಹಿಸಿದ್ದರು.

ಆಮೇಲೆ ವಿಯೆಟ್ನಾಂ ಬಂತು. ಮುಕ್ತ ಆರ್ಥಿಕತೆಯ ಗೆಲುವಿನ ಉದಾಹರಣೆಯಾಗಿ ಆ ದೇಶವನ್ನು ತೋರಿಸುವವರು ಅರ್ಧ ಕತೆಯನ್ನಷ್ಟೇ ಹೇಳುತ್ತಾರೆ. 1986ರಲ್ಲಿ ದೊಯ್ ಮೊಯ್ ಎಂಬ ಸುಧಾರಣೆಗಳನ್ನು ಆರಂಭಿಸಿ ರೈತನಿಗೆ ಭೂಮಿಯ ಬಳಕೆಯ ಹಕ್ಕು ಮತ್ತು ಮಾರಾಟದ ಹಕ್ಕು ಕೊಟ್ಟದ್ದು ನಿಜ. ಆದರೆ ಆ ದೇಶದ ಮಧ್ಯದ ಮಲೆನಾಡಿಗೆ ಜನರನ್ನು ಕಳಿಸಿ ನೆಲೆಗೊಳಿಸಿದ್ದು, ನೀರಾವರಿ ಮಾಡಿಸಿದ್ದು, ಸಾಲ ಕೊಡಿಸಿದ್ದು ಅಲ್ಲಿನ ಕಮ್ಯುನಿಸ್ಟ್ ಸರ್ಕಾರವೇ. ಶತಮಾನ ತಿರುಗುವ ಹೊತ್ತಿಗೆ ಅದು ಕೊಲಂಬಿಯಾವನ್ನು ಹಿಂದಿಕ್ಕಿ ಜಗತ್ತಿನ ಎರಡನೆಯ ದೊಡ್ಡ ಉತ್ಪಾದಕನಾಯಿತು, ಮತ್ತು 2001ರಲ್ಲಿ ಕಾಫಿಯ ದರ ಪೌಂಡಿಗೆ 45 ಸೆಂಟಿನ ಆಸುಪಾಸಿಗೆ ಕುಸಿಯಿತು. ಮಧ್ಯ ಅಮೆರಿಕದ ಕಾರ್ಮಿಕರು ತೋಟ ಬಿಟ್ಟು ಗುಳೆ ಹೊರಟರು, ವಿಯೆಟ್ನಾಂ ರೈತರೇ ಗಿಡ ಕಡಿದರು. ಇಲ್ಲಿ ಬ್ಯಾಂಕಿನ ನೋಟಿಸುಗಳು ತೋಟದ ಮನೆಗಳಿಗೆ ಬಂದವು. 2002ರ ವಿಶೇಷ ಕಾಫಿ ಅವಧಿ ಸಾಲ, 2010ರ ಸಾಲ ಪರಿಹಾರ ಪ್ಯಾಕೇಜ್ ಎರಡೂ ಆ ಗಾಯಕ್ಕೆ ಹಚ್ಚಿದ ಮುಲಾಮುಗಳು. ಮುಕ್ತ ಮಾರುಕಟ್ಟೆಯ ನಷ್ಟವನ್ನು ತುಂಬಿಕೊಡಲು ಸರ್ಕಾರವೇ ಬರಬೇಕಾಯಿತೆಂಬುದನ್ನು ಉದಾರೀಕರಣದ ಪರ ವಾದಿಸುವವರು ಸಾಮಾನ್ಯವಾಗಿ ಎತ್ತಿ ಹೇಳುವುದಿಲ್ಲ. ತೋಟದ ಹಳೆಯ ಬಂಗಲೆಗಳು ಹೋಂಸ್ಟೇಗಳಾದದ್ದೂ, ಕಾಫಿಯ ನೆರಳಿನ ಮರಗಳಿಗೆ ಮೆಣಸಿನ ಬಳ್ಳಿ ಹೆಚ್ಚು ಹೆಚ್ಚಾಗಿ ಹಬ್ಬಿದ್ದೂ ಆ ಕೆಟ್ಟ ವರ್ಷಗಳ ಫಲ.

ಮೆಣಸು ಎಂದಾಗ ಅಂಗಡಿಯ ಬಲಬದಿಯ ಕಪಾಟಿನ ಮಾತು ಬಂತು. ಅಲ್ಲಿ ಕರಿಮೆಣಸು, ಏಲಕ್ಕಿ, ಜೇನು ಇಟ್ಟಿದ್ದಾರೆ. ಮೆಣಸು ದಪ್ಪ ಕಾಳಿನದು, ಕಲ್ಲು ಕಡ್ಡಿ ಇಲ್ಲ, ಘಾಟು ಚೆನ್ನಾಗಿದೆ, ಧಾರಾಳವಾಗಿ ಕೊಳ್ಳಬಹುದು. ಇದರ ದರದ ಹಿಂದೆಯೂ ಒಪ್ಪಂದಗಳ ಸಾಲೇ ಇದೆ. ಶ್ರೀಲಂಕಾ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದ 2000ರಲ್ಲಿ ಜಾರಿಗೆ ಬಂದ ಮೇಲೆ ಬೇರೆ ದೇಶದ ಅಗ್ಗದ ಮೆಣಸು ಆ ದಾರಿಯಲ್ಲಿ ನುಸುಳುತ್ತಿದೆ ಎಂಬ ದೂರು ಬೆಳೆಗಾರರಿಂದ ಕೇಳಿಬಂತು. ಕೊನೆಗೆ 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ದರ ಗೊತ್ತುಮಾಡಿತು. ಅಡಿಕೆಗೂ ಇಂಥದ್ದೇ ಬೇಲಿ ಇದೆ. 2023ರಲ್ಲಿ ಅದನ್ನು 251ರಿಂದ 351 ರೂಪಾಯಿಗೆ ಏರಿಸಿದರು. ರಫ್ತಾಗುವ ಬೆಳೆಗೆ ತೆರೆದ ಬಾಗಿಲು ಬೇಕು, ಆಮದಾಗುವ ಬೆಳೆಗೆ ಮುಚ್ಚಿದ ಬಾಗಿಲು ಬೇಕು. ಒಂದೇ ತೋಟದ ಒಂದೇ ಮರದ ನೆರಳಿನಲ್ಲಿ ಕಾಫಿ ಉದಾರವಾದಿ, ಮೆಣಸು ಸ್ವದೇಶಿ. ಇದನ್ನು ಇಬ್ಬಂದಿತನ ಎಂದು ಹಂಗಿಸುವುದಕ್ಕಿಂತ, ಎಲ್ಲ ದೇಶಗಳೂ ಹೀಗೆಯೇ ನಡೆದುಕೊಳ್ಳುತ್ತವೆ ಎಂದು ಒಪ್ಪಿಕೊಳ್ಳುವುದು ಪ್ರಾಮಾಣಿಕ.

ಬೇರೆ ಕಾಫಿ ದೇಶಗಳು ಏನು ಮಾಡಿದವು ಎಂಬುದನ್ನು ನೋಡಿದರೆ ನನ್ನ ವಾದ ಸ್ಪಷ್ಟವಾದೀತು. ಬ್ರೆಜಿಲ್ 1990ರಲ್ಲಿ ತನ್ನ ಕಾಫಿ ಸಂಸ್ಥೆಯನ್ನು ಮುಚ್ಚಿಯೇಬಿಟ್ಟಿತು. ಆದರೆ 1986ರಲ್ಲಿ ಹುಟ್ಟಿದ ಫುನ್‌ಕಾಫೆ ಎಂಬ ನಿಧಿಯನ್ನು ಮುಚ್ಚಲಿಲ್ಲ. ಕೊಯ್ಲಿಗೆ, ದಾಸ್ತಾನಿಗೆ, ಸಹಕಾರ ಸಂಘಗಳಿಗೆ ಆ ನಿಧಿಯಿಂದ ಇಂದಿಗೂ ಸಾಲ ಹರಿಯುತ್ತದೆ. ಜೊತೆಗೆ ಅಲ್ಲಿನ ಜನ ತಾವೇ ಕುಡಿಯುವ ಕಾಫಿ ಅಮೆರಿಕದ ನಂತರ ಜಗತ್ತಿನಲ್ಲೇ ಹೆಚ್ಚು, ಆದ್ದರಿಂದ ಹೊರಗಿನ ಗಿರಾಕಿ ಮುನಿದರೂ ಒಳಗಿನ ಗಿರಾಕಿ ಇದ್ದಾನೆ. ಕೊಲಂಬಿಯಾದ ಬೆಳೆಗಾರರ ಒಕ್ಕೂಟ 1927ರದು; ತಂದ ಕಾಫಿಯನ್ನು ಬೇಡ ಎನ್ನದೆ ಆ ದಿನದ ದರಕ್ಕೆ ಕೊಳ್ಳುವ ಖಾತರಿಯನ್ನು ಅದು ಕೈಬಿಟ್ಟಿಲ್ಲ. ದರ ಕುಸಿದ ಹೊತ್ತಿನಲ್ಲೇ, 2002ರಲ್ಲಿ, ಹ್ವಾನ್ ವಾಲ್ಡೆಸ್ ಎಂಬ ತನ್ನ ಹಳೆಯ ಜಾಹೀರಾತಿನ ರೈತನ ಹೆಸರಿನಲ್ಲಿ ಕಾಫಿ ಮಳಿಗೆಗಳನ್ನು ತೆರೆಯಿತು. ಇಥಿಯೋಪಿಯಾ 2008ರಲ್ಲಿ ಸರಕು ವಿನಿಮಯ ಕೇಂದ್ರ ಕಟ್ಟಿತು. ಅದಕ್ಕೆ ಒಂದು ವರ್ಷ ಮೊದಲು ಸಿದಾಮೊ, ಹರಾರ್, ಯಿರ್ಗಾಚೆಫೆ ಎಂಬ ಊರಹೆಸರುಗಳ ವ್ಯಾಪಾರಮುದ್ರೆಯ ವಿಚಾರದಲ್ಲಿ ಸ್ಟಾರ್‌ಬಕ್ಸ್ ಜೊತೆ ಜಗಳ ತೆಗೆದು ಒಪ್ಪಂದಕ್ಕೆ ತಂದಿತ್ತು. ಉಗಾಂಡಾ 1991ರಲ್ಲಿ ಮಂಡಳಿಯ ಏಕಸ್ವಾಮ್ಯ ತೆಗೆದಾಗ ರಫ್ತು ದರದಲ್ಲಿ ರೈತನ ಪಾಲು ಏರಿತು. ಹಾಗಾಗಿ ಬಿಡುಗಡೆಯೆಲ್ಲ ಕೆಟ್ಟದ್ದು ಎಂದು ಹೇಳಲಾಗುವುದಿಲ್ಲ.

ಇವುಗಳಲ್ಲಿ ತಡೆದುಕೊಂಡ ದೇಶಗಳಿಗೆ ಇದ್ದ ಸಾಮರ್ಥ್ಯ ಒಂದೇ: ಕಾಯುವುದು. ಮಾರುವ ಸ್ವಾತಂತ್ರ್ಯ ಎಲ್ಲರಿಗೂ ಸಮನಾಗಿ ಸಿಕ್ಕಿತು. ಇವತ್ತು ಮಾರದೆ ಇರುವ ಶಕ್ತಿ ಮಾತ್ರ ಗೋದಾಮು, ಸಾಲ, ಒಕ್ಕೂಟ, ಸ್ವಂತ ಗಿರಾಕಿ ಇದ್ದವರಿಗೆ ಸಿಕ್ಕಿತು. 2024ರಲ್ಲಿ ಇದು ಕಣ್ಣಿಗೆ ಕಟ್ಟುವಂತೆ ನಡೆಯಿತು. ವಿಯೆಟ್ನಾಂನಲ್ಲಿ ಬರ ಬಿದ್ದು ಬೆಳೆ ತಗ್ಗಿದಾಗ, ಡುರಿಯನ್ ಹಣ್ಣಿನ ಆದಾಯವೂ ಕೈಯಲ್ಲಿದ್ದ ಅಲ್ಲಿನ ರೈತರು ಕಾಫಿಯನ್ನು ಮನೆಯಲ್ಲೇ ಹಿಡಿದಿಟ್ಟರು. 2001ರಲ್ಲಿ ಇದೇ ರೈತರ ಬಳಿ ಅಂಥ ಕಸುವು ಇರಲಿಲ್ಲ. ಲಂಡನ್ನಿನ ದರ ದಾಖಲೆ ಮುರಿಯುತ್ತಾ ಹೋಯಿತು. ನಮ್ಮಲ್ಲಿ ಏಪ್ರಿಲ್ ಹೊತ್ತಿಗೆ ರೋಬಸ್ಟಾ ಚೆರ್ರಿ ಮೂಟೆಗೆ ಹತ್ತು ಸಾವಿರ ದಾಟಿತು. ಆದರೆ ಕೊಯ್ಲಿನ ಕೂಲಿ ಕೊಡಲು, ಮಕ್ಕಳ ಫೀಸು ಕಟ್ಟಲು ಕಣದಿಂದಲೇ ಮಾರಿದ ಎರಡೆಕರೆಯವನಿಗೆ ಆ ದರ ಪತ್ರಿಕೆಯಲ್ಲಿ ಓದುವ ಸುದ್ದಿಯಷ್ಟೇ ಆಗಿತ್ತು. ದೇಶದ ಕಾಫಿ ಹಿಡುವಳಿಗಳಲ್ಲಿ ಶೇ 98ಕ್ಕೂ ಹೆಚ್ಚು ಹತ್ತು ಹೆಕ್ಟೇರಿಗಿಂತ ಚಿಕ್ಕವು ಎಂಬುದನ್ನು ಇಲ್ಲಿ ನೆನಪಿಡಬೇಕು.

ಈಗ ಅಂಗಡಿಯ ಗೋದಾಮಿನ ಸೇವೆಗೆ ಬರೋಣ. ನನ್ನ ದೃಷ್ಟಿಯಲ್ಲಿ ಈ ವಿಮರ್ಶೆಯ ತಿರುಳು ಅದೇ. ಇಲ್ಲಿ ಬೆಳೆಗಾರ ಎರಡು ರೀತಿಯಲ್ಲಿ ವ್ಯವಹರಿಸಬಹುದು. ಬಂದ ದಿನದ ದರಕ್ಕೆ ಮಾರಿ ಹಣ ಪಡೆಯಬಹುದು. ಇಲ್ಲವೇ ದರ ಮುರಿಯದೆ, ಅಂದರೆ ದರವನ್ನು ಆಗಲೇ ಗೊತ್ತುಮಾಡಿಕೊಳ್ಳದೆ, ಮೂಟೆಗಳನ್ನು ಡಿಪಾಸಿಟ್ ಇಟ್ಟು, ಅಂದಾಜು ಬೆಲೆಯ ಒಂದು ಪಾಲನ್ನು ಮುಂಗಡ ಪಡೆದು, ಮುಂದೆ ತನಗೆ ಸರಿಕಂಡ ದಿನ ಆ ದಿನದ ದರಕ್ಕೆ ಲೆಕ್ಕ ಚುಕ್ತಾ ಮಾಡಿಕೊಳ್ಳಬಹುದು. ಎರಡನೆಯದು ಸಣ್ಣವನಿಗೆ ಕಾಯುವ ಶಕ್ತಿಯನ್ನು ಬಾಡಿಗೆಗೆ ಕೊಡುವ ಏರ್ಪಾಡು. ಈ ಅಂಗಡಿಯವರು ತೂಕದಲ್ಲಿ ಮೋಸ ಮಾಡುವುದಿಲ್ಲ, ತೇವಾಂಶವನ್ನು ಮೀಟರಿನಲ್ಲಿ ಅಳೆದು ಬೆಳೆಗಾರನಿಗೆ ತೋರಿಸುತ್ತಾರೆ, ಔಟ್‌ಟರ್ನ್ ತೆಗೆಯುವಾಗ ಮಾದರಿಯನ್ನು ಅವನ ಮುಂದೆಯೇ ಸಿಪ್ಪೆ ಬಿಡಿಸಿ ತೂಗುತ್ತಾರೆ. ಹಲವು ಕಡೆ ಔಟ್‌ಟರ್ನ್ ಎಂಬುದು ಖರೀದಿದಾರನ ಬಾಯಿಮಾತಾಗಿರುವಾಗ ಇದು ಸಣ್ಣ ಗುಣವಲ್ಲ. 26 ಎನ್ನುವುದಕ್ಕೂ 28 ಎನ್ನುವುದಕ್ಕೂ ನಡುವೆ ಮೂಟೆಗೆ ಏಳುನೂರು ರೂಪಾಯಿಗೂ ಮೇಲ್ಪಟ್ಟ ವ್ಯತ್ಯಾಸ ಬರುತ್ತದೆ.

ಇತ್ತೀಚೆಗೆ ಮಾಲು ಹಾಕುವವರ ಪಹಣಿಯ ಪ್ರತಿಯನ್ನೂ, ತೋಟದ ಜಾಗದ ಗುರುತನ್ನೂ ಪಡೆಯಲಾರಂಭಿಸಿದ್ದಾರೆ. ಯೂರೋಪಿನ ಒಕ್ಕೂಟ 2023ರಲ್ಲಿ ತಂದ ಅರಣ್ಯನಾಶ ತಡೆ ಕಾನೂನಿನ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಪ್ರತಿ ತೋಟದ ಭೌಗೋಳಿಕ ನೆಲೆಯ ದಾಖಲೆ ಬೇಕು. ಜಾರಿಯ ದಿನಾಂಕ ಮತ್ತೆ ಮತ್ತೆ ಮುಂದೆ ಹೋಗಿದ್ದರೂ ರಫ್ತುದಾರರು ಈಗಿನಿಂದಲೇ ದಾಖಲೆ ಕೇಳುತ್ತಾರೆ. ಇಟಲಿ, ಜರ್ಮನಿ, ಬೆಲ್ಜಿಯಂ ನಮ್ಮ ಕಾಫಿಯ ದೊಡ್ಡ ಗಿರಾಕಿಗಳಾಗಿರುವಾಗ ಇದನ್ನು ತಳ್ಳಿಹಾಕುವಂತಿಲ್ಲ. ಅಜ್ಜನ ಹೆಸರಿನಲ್ಲೇ ಉಳಿದಿರುವ, ಅಣ್ಣತಮ್ಮಂದಿರ ಜಂಟಿ ಖಾತೆಯಲ್ಲಿರುವ ತೋಟಗಳವರಿಗೆ ಇದು ಹೊಸ ತಲೆನೋವು. ನೆರಳಿನ ಮರ ಕಡಿಯದೆ ತಲೆಮಾರುಗಳಿಂದ ಕಾಫಿ ಬೆಳೆದವರು ತಾವು ಕಾಡು ಕಡಿದಿಲ್ಲವೆಂದು ಆ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ಗೆ ಸಾಬೀತುಪಡಿಸಬೇಕು! ಗಡಿಗಳನ್ನು ತೆರೆಯಿರಿ ಎಂದು ಉಪದೇಶಿಸಿದವರೇ ಈಗ ಹೊಸ ಗೇಟು ಹಾಕುತ್ತಿದ್ದಾರೆ. ಉದ್ದೇಶ ಒಳ್ಳೆಯದಿರಬಹುದು, ಆದರೆ ಅದರ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದರಲ್ಲಿ ಹೊಸದೇನೂ ಇಲ್ಲ. ಅಂಗಡಿಯ ಹುಡುಗನೊಬ್ಬ ಬೆಳೆಗಾರರ ಮೊಬೈಲಿನಲ್ಲಿ ತೋಟದ ನೆಲೆ ಗುರುತಿಸಿ ಕೊಡುತ್ತಾನೆ, ಅದಕ್ಕೆ ಹಣ ಕೇಳುವುದಿಲ್ಲ. ಈ ಸೇವೆಗೆ ಪೂರ್ಣ ಅಂಕ.

ಭೌಗೋಳಿಕ ಸೂಚಿಕೆಯ (ಒಂದು ಊರಿನ ಹೆಸರನ್ನು ಅಲ್ಲಿನ ಸರಕಿಗೇ ಮೀಸಲಿಡುವ ಮಾನ್ಯತೆಯ) ಪೊಟ್ಟಣದ ವಿಚಾರದಲ್ಲಿ ಮಾತ್ರ ಅಷ್ಟು ಉದಾರವಾಗಲಾರೆ. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ ಆ ಮಾನ್ಯತೆ ಸಿಕ್ಕಿತು. ಅಂಗಡಿಯವರು ಗಿರಿಯ ಚಿತ್ರವಿರುವ ಅಂದದ ಪೊಟ್ಟಣ ಮಾಡಿಸಿ, ಪ್ರವಾಸಿಗರ ಕಣ್ಣಿಗೆ ಬೀಳುವಲ್ಲಿ ಇಟ್ಟು, ದರವನ್ನೂ ಹೆಚ್ಚಿಸಿದ್ದಾರೆ. ಆದರೆ ಬೀಜವನ್ನು ವಿಪರೀತ ಕಪ್ಪಾಗುವಂತೆ ಹುರಿದಿರುವುದರಿಂದ, ಯಾವ ಊರಿನ ಮಣ್ಣಿನ ಗುಣಕ್ಕಾಗಿ ಹೆಚ್ಚು ಕೊಡುತ್ತೇವೋ ಆ ಗುಣವೇ ಸುಟ್ಟುಹೋಗಿದೆ. ಬಾಳೆಹೊನ್ನೂರಿನಲ್ಲಿ 1925ರಿಂದ ನಡೆದುಬಂದಿರುವ ಸಂಶೋಧನಾ ಕೇಂದ್ರ ಕೊಟ್ಟ ಎಸ್. 795 ತಳಿಯಂಥ ಒಳ್ಳೆಯ ಬೀಜ ಕೈಯಲ್ಲಿರುವಾಗ ತಳಿಯ ಹೆಸರನ್ನೂ, ಹುರಿದ ದಿನಾಂಕವನ್ನೂ ಪೊಟ್ಟಣದ ಮೇಲೆ ಬರೆಯದಿರುವುದು ಆಲಸ್ಯ. ಇಥಿಯೋಪಿಯಾದವರು ಊರಹೆಸರಿಗಾಗಿ ಬಡಿದಾಡಿದ್ದು ಚಿತ್ರ ಅಚ್ಚು ಹಾಕುವುದಕ್ಕಲ್ಲ. ಅದೇ ಅಂಗಡಿಯಲ್ಲಿ ಕೌಂಟರಿನಿಂದ ಬಿಡಿಯಾಗಿ ಕೊಳ್ಳುವ ಶುದ್ಧ ಅರೇಬಿಕಾ ಇದಕ್ಕಿಂತ ಅಗ್ಗ ಮತ್ತು ಇದಕ್ಕಿಂತ ರುಚಿ. ಕೊರಿಯರ್‌ನಲ್ಲಿ ತರಿಸಿಕೊಳ್ಳುವವರು ಬೀಸದ ಬೀಜವನ್ನೇ ಕೇಳುವುದು ಲೇಸು. ತೆಳು ಪೊಟ್ಟಣದಲ್ಲಿ ಪುಡಿ ಬೆಂಗಳೂರು ಸೇರುವಷ್ಟರಲ್ಲಿ ಪರಿಮಳದ ಅರ್ಧ ದಾರಿಯಲ್ಲೇ ಇಳಿದುಹೋಗಿರುತ್ತದೆ.

ಉಳಿದ ಒಂದು ದೂರು ಡಿಪಾಸಿಟ್ಟಿನದು, ಅದು ಗಂಭೀರವಾದದ್ದು. ಮೂಟೆ ಇಟ್ಟವನಿಗೆ ಕೊಡುವ ಚೀಟಿಯಲ್ಲಿ ತೂಕ, ತೇವಾಂಶ, ಔಟ್‌ಟರ್ನ್, ಮುಂಗಡದ ಮೊತ್ತ ಎಲ್ಲವೂ ಇದೆ. ಗೋದಾಮಿಗೆ ಬೆಂಕಿ ಬಿದ್ದರೆ, ಮಾಲು ಕಳುವಾದರೆ, ವ್ಯಾಪಾರಿಯೇ ಕೈಯೆತ್ತಿದರೆ ನಷ್ಟ ಯಾರದು ಎಂಬುದು ಇಲ್ಲ. ಇಟ್ಟ ಮಾಲನ್ನು ಅಂಗಡಿಯವರು ಬೆಳೆಗಾರ ದರ ಮುರಿಯುವ ಮೊದಲೇ ಮಾರಬಹುದೇ ಎಂಬ ಪ್ರಶ್ನೆಗೆ ಮಾಲೀಕರು ಕೊಟ್ಟ ಉತ್ತರ "ನಂಬಿಕೆ ಮೇಲೆ ನಡೀತದೆ ಸಾರ್" ಎಂಬುದು. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಲಂಡನ್ನಿನ ದರ ವಾರದೊಳಗೆ ನೂರಾರು ಡಾಲರ್ ಏರಿಳಿಯುವ ಕಾಲದಲ್ಲಿ, ಪ್ರಾಮಾಣಿಕನಾದ ವ್ಯಾಪಾರಿಯೂ ಮುಳುಗಬಹುದು. ಕೊಟ್ಟ ಮಾತಿನ ದರಕ್ಕೂ ಕೊಡಬೇಕಾದ ದರಕ್ಕೂ ಅಂತರ ಬಿದ್ದಾಗ ಮೊದಲು ಮುಳುಗುವುದು ಅವನ ಬಳಿ ಚೀಟಿ ಹಿಡಿದು ನಿಂತವನು.

ಇದಕ್ಕೆ ದೇಶದಲ್ಲಿ ಕಾನೂನಿನ ದಾರಿ ಇಲ್ಲವೆಂದಲ್ಲ. 2007ರ ಉಗ್ರಾಣ ಕಾಯ್ದೆಯ ಪ್ರಕಾರ ನೋಂದಾಯಿತ ಗೋದಾಮುಗಳು ಕೊಡುವ ರಸೀದಿಯನ್ನು ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ಪಡೆಯಬಹುದು, ಬೇರೆಯವರಿಗೆ ವರ್ಗಾಯಿಸಲೂಬಹುದು. 2017ರಿಂದ ಈ ರಸೀದಿ ವಿದ್ಯುನ್ಮಾನ ರೂಪದಲ್ಲಿ ಬರುತ್ತಿದೆ. ಬ್ರೆಜಿಲ್ ನಿಧಿಯಿಂದ ಮಾಡಿದ್ದನ್ನು ನಾವು ರಸೀದಿಯಿಂದ ಮಾಡಬಹುದಾಗಿತ್ತು. ಅಂಗಡಿಯವರನ್ನು ಕೇಳಿದರೆ ನೋಂದಣಿಯ ಶರತ್ತುಗಳು ತಮ್ಮಂಥವರಿಗೆ ಭಾರ ಎನ್ನುತ್ತಾರೆ. ಅದರಲ್ಲಿ ಸತ್ಯವಿರಬಹುದು, ಆಗ ಕನಿಷ್ಠ ವಿಮೆಯ ವಿವರವನ್ನೂ, ಮಾಲಿನ ಒಡೆತನ ಯಾವಾಗ ಕೈಬದಲಾಗುತ್ತದೆ ಎಂಬುದನ್ನೂ ಚೀಟಿಯ ಹಿಂಬದಿಯಲ್ಲಿ ಅಚ್ಚು ಹಾಕಿಸಲು ಅಡ್ಡಿಯೇನು? ಕುಡಿಯುವವರಿಗೆ ಸಮಪಾಲಿನ ಮಿಶ್ರಣ ಮತ್ತು ಬಿಡಿ ಅರೇಬಿಕಾ, ಐದಕ್ಕೆ ನಾಲ್ಕೂವರೆ ಅಂಕ. ಗಿರಿಯ ಚಿತ್ರದ ಪೊಟ್ಟಣಕ್ಕೆ ಎರಡು. ಮಾಲು ಮಾರುವ ಬೆಳೆಗಾರರಿಗೆ ತೂಕ ಮತ್ತು ಔಟ್‌ಟರ್ನಿನ ನೇರ ನಡೆಗಾಗಿ ನಾಲ್ಕು. ಡಿಪಾಸಿಟ್ಟಿಗೆ ಈಗಲೇ ಅಂಕ ಕೊಡುವುದಿಲ್ಲ. ಚೀಟಿಯ ಹಿಂಬದಿ ಖಾಲಿ ಇರುವವರೆಗೆ ಬೆಳೆಯ ಒಂದು ಪಾಲನ್ನು ಮಾತ್ರ ಇಲ್ಲಿಟ್ಟು, ಉಳಿದದ್ದನ್ನು ಬಂದ ದಿನದ ದರಕ್ಕೆ ಮಾರಿ ಹಣ ಎಣಿಸಿಕೊಳ್ಳುವುದು ಸಣ್ಣ ಬೆಳೆಗಾರರಿಗೆ ಕ್ಷೇಮ. ಭಾನುವಾರ ಮಧ್ಯಾಹ್ನದ ನಂತರ ಗೋದಾಮು ತೆರೆದಿರುವುದಿಲ್ಲ, ಪುಡಿಯ ಕೌಂಟರ್ ರಾತ್ರಿ ಎಂಟರವರೆಗೂ ಇರುತ್ತದೆ.